ಚಿಗರಿಯನ್ನು ಯಾವ ಕಾಡಿಗೆ ಓಡಿಸುತ್ತೀರಿ?

ಮುಂಗಾರು ಬಿದ್ದು ಸೋಯಾ, ಹೆಸರು, ಉದ್ದು ಎರಡೆಲೆ ಒಡೆಯುವ ಹೊತ್ತಿಗೆ ಔರಾದ್, ಭಾಲ್ಕಿ, ಬೀದರಿನ ಹೊಲಗಳಲ್ಲಿ ಒಂದೇ ಮಾತು: ‘ಚಿಗರಿ ಬಂದಾವ, ಕಾಡಿಗೆ ಓಡಸ್ರಿ.’ ರೈತ ಹೇಳಿದರೆ ಅದು ಸಂಕಟ. ಅಧಿಕಾರದಲ್ಲಿರುವವರು, ಓದಿಕೊಂಡವರು ಅದನ್ನೇ ಹೇಳಿದರೆ ಅಜ್ಞಾನ.

ಕೃಷ್ಣಮೃಗ ಕಾಡಿನ ಪ್ರಾಣಿಯಲ್ಲ. ದೂರದಿಂದಲೇ ತೋಳವನ್ನು ಕಂಡು, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಿ ಬದುಕುವ ಜೀವಕ್ಕೆ ದಟ್ಟ ಮರಗಳ ನಡುವೆ ಏನು ಕೆಲಸ? ಅದಕ್ಕೆ ಬೇಕಾದದ್ದು ಬಯಲು, ಹುಲ್ಲು.

ಆ ಬಯಲಿಗೆ ನಾವು ಇಟ್ಟ ಹೆಸರು ‘ಪಾಳು’. ಅನ್ಯಾಯ ಶುರುವಾದದ್ದು ಈ ಪದದಿಂದಲೇ. ದನ, ಕುರಿ ಮೇಯುತ್ತಿದ್ದ ಗೋಮಾಳ ಕಡತದಲ್ಲಿ ಪಾಳು ಎಂದಾದ ಮೇಲೆ ಅದನ್ನು ಹಂಚುವುದು ಸುಲಭ. ನೀಲಗಿರಿ, ಅಕೇಶಿಯಾ ನೆಟ್ಟು ‘ಹಸಿರೀಕರಣ’ ಎಂದು ಫಲಕ ಹಾಕುವುದು ಇನ್ನೂ ಸುಲಭ. ಹೀಗೆ ಕುರಿಗಾಹಿಯೂ ಚಿಗರಿಯೂ ಒಟ್ಟಿಗೇ ನೆಲೆ ಕಳೆದುಕೊಂಡರು. ಕುರಿಗಾಹಿ ಹೈದರಾಬಾದಿಗೆ ಕೂಲಿಗೆ ಹೋದ. ಚಿಗರಿ ಹೊಲಕ್ಕೆ ಬಂತು.

ತಪ್ಪಿತಸ್ಥರಲ್ಲಿ ನಾವೂ ಇದ್ದೇವೆ, ಶಾಕುಂತಲದ ಆಶ್ರಮದ ಜಿಂಕೆಗೆ ಕರಗುವ ಸಾಹಿತ್ಯಪ್ರಿಯರು. ಕಾಳಿದಾಸನ ಜಿಂಕೆ ಯಾರ ಸೋಯಾವನ್ನೂ ಮೇಯಲಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಕೃಷ್ಣಮೃಗವನ್ನು ಕೊಂದರೆ ಕನಿಷ್ಠ 3 ವರ್ಷ ಜೈಲು. ಇದು ಸರಿಯೇ. ಆದರೆ ಆ ರಕ್ಷಣೆಯ ಬೆಲೆಯನ್ನು ಎರಡು ಎಕರೆಯವನೊಬ್ಬನೇ ಏಕೆ ತೆರಬೇಕು? ಮೊಳಕೆ ಹೋದರೆ ಮರುಬಿತ್ತನೆಯ ಬೀಜ, ಗೊಬ್ಬರ, ಕೂಲಿ ಎಲ್ಲ ಅವನ ತಲೆಯ ಮೇಲೆ. ಪರಿಹಾರ ಕೇಳಿದರೆ ಪಹಣಿ, ಫೋಟೊ, ಪಂಚನಾಮೆ. ಪಾಲಿಗೆ ಉಳುವವನ ಹೆಸರಿನಲ್ಲಿ ಪಹಣಿಯೇ ಇರುವುದಿಲ್ಲ.

ಬಯಲನ್ನು ಬಯಲಾಗಿಯೇ ಕಾಯಬಹುದು ಎಂಬುದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರದು. ಮಧುಗಿರಿ ತಾಲ್ಲೂಕಿನ ಜಯಮಂಗಲಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲನ್ನು ಈ ಪ್ರಾಣಿಗೆಂದೇ 2007ರಲ್ಲಿ ಮೀಸಲಿಟ್ಟರು. 2023ರಲ್ಲಿ ಅರಣ್ಯ ಖಾತೆ ಭಾಲ್ಕಿಯ ಶಾಸಕರಿಗೇ ಬಂತು. ಹಾಗಾಗಿ ಬೆಂಗಳೂರಿಗೆ ಬೀದರ್ ದೂರ ಎಂಬ ಹಳೆಯ ನೆಪ ಇನ್ನು ನಡೆಯದು.

ಕೇಳುವುದು ಮೂರೇ: ಉಳಿದ ಗೋಮಾಳವನ್ನು ಹಂಚಬೇಡಿ, ಹುಲ್ಲಿನ ಮೇಲೆ ಮರ ನೆಡಬೇಡಿ, ಪರಿಹಾರವನ್ನು ಮರುಬಿತ್ತನೆಯ ಹದ ತಪ್ಪುವ ಮೊದಲೇ, ಉಳುವವನ ಕೈಗೇ ಕೊಡಿ.

ನಸುಕಿನಲ್ಲೇ ಹೊಲಕ್ಕೆ ಹೋಗಿ ತಗಡು ಬಡಿಯುವ ರೈತನಿಗೆ ಕರುಣೆಯ ಪಾಠ ಹೇಳುವ ಮುನ್ನ ಅವನ ಪ್ರಶ್ನೆಗೆ ಉತ್ತರ ಕೊಡೋಣ: ಓಡಿಸಿದರೆ ಅದು ಹೋಗುವುದಾದರೂ ಎಲ್ಲಿಗೆ?