ಕೋಳಿಯನ್ನ ಅದ್ದೋ ಮೊದಲು ಒಡ್ಡಿ ನೋಡಿ

ಬರೆಯದೆ ಬಹಳ ದಿನ ಆಯ್ತು. ಕೆಲಸದ ಗಲಾಟೆ ಅನ್ನೋದು ಅರ್ಧ ಸತ್ಯ, ಸೋಮಾರಿತನ ಇನ್ನರ್ಧ :-) ಇವತ್ತು ಬರೆಯೋಕೆ ಕೂರಿಸಿದ್ದು ಕೋಳಿ ಹೇನು. ನಗಬೇಡಿ.

ಹೋದ ವಾರ ಊರಿಗೆ (ತೀರ್ಥಹಳ್ಳಿ ಹತ್ತಿರ) ಹೋದಾಗ ಅಮ್ಮನ ಹದಿನಾಲ್ಕು ಕೋಳಿಗಳಲ್ಲಿ ಐದು ಇರಲಿಲ್ಲ. ಕಾವಿಗೆ ಕೂತಿದ್ದ ಹೇಂಟೆ ರಾತ್ರಿ ಮೊಟ್ಟೆ ಬಿಟ್ಟು ಎದ್ದು ಹೋಗ್ತಿತ್ತಂತೆ, ಜುಟ್ಟು ಬೇರೆ ಬಿಳಿಚಿಕೊಂಡಿತ್ತಂತೆ. ಹೇನೇ ಇರಬೇಕು ಅಂತ ಚಿಕ್ಕಪ್ಪ ಗದ್ದೆಗೆ ಹೊಡೆಯೋ ಔಷಧಿಯನ್ನ ಅಂದಾಜಿನಲ್ಲಿ ಬಕೆಟ್ ನೀರಿಗೆ ಸುರಿದು, ಕೋಳಿಗಳನ್ನ ಒಂದೊಂದಾಗಿ ಅದ್ದಿ ತೆಗೆದಿದ್ದಾರೆ. ಸಂಜೆಯೊಳಗೆ ಐದು ಸತ್ತವು, ಆ ಹೇಂಟೆಯೂ ಸೇರಿ. ಉಳಿದವು ಮೊಟ್ಟೆ ಇಟ್ಟವು. ಅದನ್ನ ಅಣ್ಣನ ಮಗಳಿಗೆ ಬೇಯಿಸಿ ಕೊಟ್ಟಿದ್ದಾರೆ! ನಂಗೆ ಸಿಟ್ಟು ಬಂದಿದ್ದು ಇಲ್ಲಿ.

ಉಳಿದ ಕೋಳಿಗಳ ರೆಕ್ಕೆ, ಹಿಂಭಾಗದ ಪುಕ್ಕದ ಬುಡ ಎಲ್ಲ ಬಿಡಿಸಿ ನೋಡಿದೆ. ಹೇನು, ಸೀರು ಒಂದೂ ಇಲ್ಲ. ಔಷಧಿಗೆ ಸತ್ತಿರಬಹುದು ಅಂದುಕೊಂಡೆ. ರಾತ್ರಿ ಹತ್ತರ ಮೇಲೆ ಮೊಬೈಲ್ ಬೆಳಕಲ್ಲಿ ಒಡ್ಡಿ ನೋಡಿದ್ರೆ, ಅಡಿಕೆ ದಬ್ಬೆಯ ಸಂದಿನಿಂದ ಕೆಂಪು ಪುಡಿ ಚೆಲ್ಲಿದ ಹಾಗೆ ಏನೋ ಹರಿದು ಬರ್ತಿತ್ತು. ಬಿಳಿ ಕಾಗದದಿಂದ ಒತ್ತಿದೆ, ರಕ್ತದ ಗೆರೆ. ಅದು ಹೇನಲ್ಲ ಮಾರಾಯ್ರೆ, ಕೆಂಪು ನುಸಿ! ತೆಂಗಿನಕಾಯಿಗೆ ಬರುತ್ತಲ್ಲ, ಆ ನುಸಿಯ ದೂರದ ನೆಂಟ.

ಹೇನು ಹುಟ್ಟಿ ಸಾಯೋದೆಲ್ಲ ಕೋಳಿ ಮೈಮೇಲೇ. ಈ ನುಸಿ ಹಾಗಲ್ಲ. ಹಗಲು ಮರದ ಸಂದಿನಲ್ಲಿ ಅಡಗಿದ್ದು, ರಾತ್ರಿ ಬಂದು ರಕ್ತ ಕುಡಿದು ವಾಪಸ್ ಹೋಗುತ್ತೆ. ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಅಂದ್ಮೇಲೆ ಹಗಲಲ್ಲಿ ಕೋಳಿಯನ್ನ ವಿಷದಲ್ಲಿ ಅದ್ದಿ ಏನು ಬಂತು? ಬಗ್ ಒಂದು ಫೈಲ್‌ನಲ್ಲಿ, ನಾವು ತಿದ್ದಿದ್ದು ಇನ್ನೊಂದನ್ನ.

ಇದು ನಮ್ಮೂರಿನ ದಡ್ಡತನ ಮಾತ್ರ ಅಂದ್ಕೋಬೇಡಿ. 2017ರಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂಗಳಲ್ಲಿ ಇದೇ ನುಸಿಗೆ ಅಂತ ಕೋಳಿ ಫಾರಂಗಳಿಗೆ ಹೊಡೆದ ದ್ರಾವಣದಲ್ಲಿ ಫಿಪ್ರೊನಿಲ್ ಬೆರೆತಿತ್ತು. ಆಹಾರಕ್ಕೆ ಸಾಕೋ ಪ್ರಾಣಿಗಳಿಗೆ ಅಲ್ಲಿ ಅದನ್ನ ಬಳಸೋ ಹಾಗೇ ಇಲ್ಲ. ಲಕ್ಷಗಟ್ಟಲೆ ಮೊಟ್ಟೆ ಅಂಗಡಿಗಳಿಂದ ವಾಪಸ್ ಹೋದವು. ಅಲ್ಲಿ ಪರೀಕ್ಷೆ ಮಾಡೋರಾದ್ರೂ ಇದ್ರು. ನಮ್ಮ ಹಿತ್ತಲ ಮೊಟ್ಟೆಯನ್ನ ಯಾರು ಪರೀಕ್ಷೆ ಮಾಡ್ತಾರೆ? 'ನಾಟಿ ಮೊಟ್ಟೆ, ಶುದ್ಧ' ಅಂತ ಬೆಂಗಳೂರಿಗೆ ಕಟ್ಟಿಸ್ಕೊಂಡು ಬರೋದು ನಾವೇ ತಾನೇ?

ಹಾಗಂತ ಅಜ್ಜಿ ಕಾಲದ ಬೂದಿಯೇ ಸಾಕು ಅನ್ನೋರ ಪಕ್ಷವೂ ನಂದಲ್ಲ. ಒಣ ಮಣ್ಣು, ಬೂದಿಯಲ್ಲಿ ಹೊರಳಾಡಿದ್ರೆ ಮೈಮೇಲಿನ ಹೇನು ಕಮ್ಮಿ ಆಗುತ್ತೆ, ಸರಿ. ದಬ್ಬೆ ಸಂದಿನ ನುಸಿಗೆ ಅದು ಮುಟ್ಟೋದೇ ಇಲ್ಲ. ನಾವು ಒಡ್ಡಿಯ ದರಗೆಲ್ಲ ಹೊರಗೆಳೆದು ಸುಟ್ಟು, ಸಂದುಸಂದಿಗೂ ಕುದಿಯೋ ನೀರು ಹೊಯ್ದು, ಬಿಸಿಲಿಗೆ ಒಣಗಿಸಿ ಸುಣ್ಣ ಬಳಿದ್ವಿ. ಒಂದು ಸಲಕ್ಕೆ ಮುಗಿಯಲ್ಲ, ಉಳಿದ ಮೊಟ್ಟೆಗಳಿಂದ ಮರಿಯಾಗಿ ಮತ್ತೆ ಹುಟ್ಕೊಳ್ಳುತ್ತೆ. ವಾರ, ಹತ್ತು ದಿನಕ್ಕೆ ಇನ್ನೊಂದು ಸಲ ಮಾಡಬೇಕು. ಅದಕ್ಕೂ ಬಗ್ಗದಿದ್ರೆ ಪಶು ವೈದ್ಯರನ್ನ ಕೇಳಿ ಔಷಧಿ ತರೋದು, ಜೊತೆಗೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳೋದು.

ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. "ಕಂಪ್ಯೂಟ್ರಲ್ಲಿ ಕೋಳಿ ಸಾಕ್ತೀಯೇನೋ?" ಅಂದ್ರು. ಆದ್ರೆ ರಾತ್ರಿ ಟಾರ್ಚ್ ಹಿಡ್ಕೊಂಡು ಒಡ್ಡಿ ಹತ್ರ ಬಗ್ಗಿ ನೋಡ್ತಿದ್ದಿದ್ದೂ ಅವರೇ.

ಅಮ್ಮ ಪಕ್ಕದ ಮನೆಯಿಂದ ಕಾವಿನ ಹೇಂಟೆ ಒಂದನ್ನ ತಂದು ಹನ್ನೊಂದು ಮೊಟ್ಟೆ ಇಟ್ಟಿದ್ದಾಳೆ. ಭಾನುವಾರ ಎರಡನೇ ಸಲ ಬಿಸಿನೀರು ಹಾಕಬೇಕು. ನಿಮ್ಮ ಕಡೆ ಒಡ್ಡಿಗೆ ಏನು ಮಾಡ್ತಾರೆ? ಅಷ್ಟರೊಳಗೆ ಹೇಳಿ.