ಫ್ರಿಜ್ ತುಂಬೇತಿ, ಅವ್ವನ ರವಿವಾರ ಎಲ್ಲಿ ಹೋತು? (ಭಾಗ 4)

ಕಳೆದ ಭಾಗಕ್ಕ ಭಾಳ ಮಂದಿ ಕಮೆಂಟ್‌ನಾಗ ಕೇಳಿದ್ರಿ: "ವಾರದ ಅಡಿಗಿ ಒಮ್ಮೆಲೆ ಮಾಡಿ ಫ್ರೀಜರ್‌ನಾಗ ಇಡೋ ರೀಲ್ಸ್ ಬರ್ತಾವಲ್ಲ, ಅದು ನಮ್ಮ ಇಳಕಲ್ಲಾಗ ನಡೀತೈತೇನು?"

ನಡೀತೈತಿ. ಆದ್ರ ಒಂದು ಷರತ್ತು ಐತಿ. ಅದನ್ನ ಹೇಳಾಕ ಈ ಪೋಸ್ಟ್.

ಮೊದಲನೇ ಫೋಟೋದಾಗ ರೊಟ್ಟಿ ಬುಟ್ಟಿ ಐತಿ, ನೋಡ್ರಿ. ಒಮ್ಮೆಲೆ ಮಾಡಿಡೋದು ನಮಗೇನು ಹೊಸಾದಲ್ಲ. ಬಿಳಿಜೋಳದ ರೊಟ್ಟಿ ಬಡಿದು, ಹಂಚಿನ ಮ್ಯಾಲೆ ಬೇಯಿಸಿ, ಒಲಿ ಮುಂದ ನಿಲ್ಲಿಸಿ ಖಡಕ್ ಮಾಡಿದ್ರ ವಾರಗಟ್ಟಲೆ ಕೆಡೋದಿಲ್ಲ. ಕಾರಣ ಇಷ್ಟ: ಅದರಾಗ ನೀರು ಉಳಿದಿರೋದಿಲ್ಲ, ನೀರಿಲ್ಲಂದ್ರ ಬೂಸ್ಟು ಬೆಳೆಯೋದಿಲ್ಲ. ಫ್ರೀಜರ್ ನೀರನ್ನ ಗಟ್ಟಿ ಮಾಡಿ ಕಾಯ್ತೈತಿ, ನಮ್ಮ ಅಜ್ಜಿ ನೀರನ್ನ ತೆಗೆದು ಕಾಯ್ತಿದ್ಲು. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳದ್ದೂ ಇದೇ ಲೆಕ್ಕ. ಇವಕ್ಕ ಕರೆಂಟೇ ಬ್ಯಾಡ.

ಈಗ ನನ್ನ ತಪ್ಪಿನ ಕಥಿ. ಹೋದ ಬ್ಯಾಸಗ್ಯಾಗ ಒಂದು ರೀಲ್ ನೋಡಿ ನಾನೂ ಚಂದಾಗಿ ಪಟ್ಟಿ ಬರೆದೆ. ಮಡಕಿಕಾಳ ಪಲ್ಯ, ಹೆಸರುಕಾಳು, ಬ್ಯಾಳಿ, ಎಣ್ಣೆಗಾಯಿ ಮಸಾಲಿ, ಜೊತಿಗೆ ರೊಟ್ಟಿ. ನಮ್ಮನ್ಯಾಗ ಐದು ಮಂದಿ. ಒಬ್ಬರಿಗೆ ದಿನಕ್ಕ 3 ರೊಟ್ಟಿ ಅಂದ್ರ ವಾರಕ್ಕ 105. ಒಂದು ರೊಟ್ಟಿಗೆ ಎರಡು ನಿಮಿಷ ಹಿಡಿದ್ರೂ ಮೂರೂವರೆ ತಾಸು ಬೆಂಕಿ ಮುಂದ! ಪಲ್ಯ ಬ್ಯಾರೆ. ಪ್ಲ್ಯಾನ್ ನಂದು, ಫೋಟೋ ನಂದು, ಕೆಲಸ ಪೂರಾ ಅವ್ವಂದು. ರಾತ್ರಿ ಅಕಿ ಅಂದ್ಲು: "ದಿನಾ ಸ್ವಲ್ಪ ಸ್ವಲ್ಪ ದಣೀತಿದ್ದೆ. ನೀ ಒಂದೇ ದಿನಕ್ಕ ಎಲ್ಲಾ ದಣಿಸಿದಿ ನೋಡು."

ಮರುದಿನ ಮುಂಜಾನೆ ಅಕಿ ಮತ್ತ ಕುಣಿಮಗ್ಗಕ್ಕ ಕುಂತ್ಲು.

ನೇಕಾರರ ಮನಿ ಮಕ್ಕಳಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ನಮ್ಮ ಸೀರಿಯೊಳಗ ಮೈಯ ಹಾಸಿಗೆ ಸೆರಗಿನ ಹಾಸು ಕೊಂಡಿ ಹಾಕಿ ಕೂಡಿಸ್ತಾರ. ಆ ಕೊಂಡಿಯಿಂದ ಇಳಕಲ್ ಸೀರಿಗೆ ಹೆಸರು. ಕೂಲಿ ಸಿಗೋದು ಸೀರಿ ಲೆಕ್ಕದಾಗ. ಆದ್ರ ಮನ್ಯಾಗ ಹೆಣ್ಣುಮಕ್ಕಳು ಕುಂತು ಸುತ್ತೋ ಕಂಡಿಕಿಗೆ ಎಷ್ಟು ಮನ್ಯಾಗ ಬ್ಯಾರೆ ಕೂಲಿ ಕೊಟ್ಟಾರ? ರವಿವಾರದ ಅಡಿಗೀನೂ ಹಂಗ. ಎಲ್ಲಾರೂ ಉಣ್ತಾರ, ಯಾರೂ ಲೆಕ್ಕ ಹಿಡಿಯೋದಿಲ್ಲ. ರೀಲ್ಸ್‌ನಾಗ "ವಾರಕ್ಕ ಹತ್ತು ತಾಸು ಉಳೀತು" ಅಂತಾರಲ್ಲ, ಯಾರದು ಉಳೀತು ಅಂತ ಕೇಳ್ರಿ.

ಹಂಗಾಗಿ ನನ್ನ ಷರತ್ತು: ಒಮ್ಮೆಲೆ ಮಾಡೋದಾದ್ರ ಎಲ್ಲಾರೂ ಕೂಡಿ ಮಾಡ್ಬೇಕು. ಇಲ್ಲಂದ್ರ ಬ್ಯಾಡ. ಈಗ ನಮ್ಮನ್ಯಾಗ ಹಿಂಗ ಐತಿ:

👉 ಶನಿವಾರ ರಾತ್ರಿ ಕಾಳು ನೆನಸೋದು, ಉಳ್ಳಾಗಡ್ಡಿ ಹೆಚ್ಚೋದು ನಾನು ಮತ್ತ ತಮ್ಮ. ಶೇಂಗಾ ಹುರಿಯೋದು ಅಪ್ಪ.
👉 ಪಲ್ಯ ಎರಡೇ ತರ, ಮೂರು ದಿನಕ್ಕ ಸಾಕಾಗುವಷ್ಟು. ಏಳು ದಿನದ್ದು ಮಾಡೋದಿಲ್ಲ.
👉 ಬಿಸಿ ಆರಿದ ಮ್ಯಾಲೆ, ಎರಡು ತಾಸಿನೊಳಗ, ಸಣ್ಣ ಸಣ್ಣ ಡಬ್ಬಿಯೊಳಗ ಹಾಕಿ ಒಳಗ ಇಡೋದು. ದೊಡ್ಡ ಪಾತೇಲಿ ಹಂಗ ಇಟ್ರ ನಡುವಿಂದು ಲಗೂನ ತಣ್ಣಗಾಗೋದಿಲ್ಲ.
👉 ಸೌತಿಕಾಯಿ, ಮೊಸರು, ಬಟಾಟಿ ಫ್ರೀಜರ್‌ಗೆ ಬ್ಯಾಡ, ನೀರು ಬಿಟ್ಟು ರುಚಿ ಕೆಡತೈತಿ. ಕಾಳು, ಬ್ಯಾಳಿ, ಮಸಾಲಿ ಚಲೋ ಉಳೀತಾವ.
👉 ಒಮ್ಮೆ ಕರಗಿಸಿದ್ದನ್ನ ಮತ್ತ ಒಳಗ ಇಡಬ್ಯಾಡ್ರಿ. ಕುದಿ ಬರೋವರೆಗೂ ಕಾಸಿ ಉಣ್ರಿ.

ಇನ್ನೊಂದು ಮಾತು. ತಿಂಗಳುಗಟ್ಟಲೆ ಇಡಬೇಕಂದ್ರ ಫ್ರೀಜರ್ ಮೈನಸ್ 18 ಡಿಗ್ರಿ ಇರಬೇಕು. ನಮ್ಮನ್ಯಾಗಿರೋ ಒಂದೇ ಬಾಗಿಲ ಫ್ರಿಜ್‌ನ ಐಸ್ ಖಾನಿಗೆ ಅದು ಸಾಧ್ಯ ಆಗೋದು ಕಷ್ಟ. ಬಾಗಿಲಾ ತೆಗೀದೇ ಇದ್ರ ಕರೆಂಟ್ ಹೋದ ಮ್ಯಾಲೆ ಕೆಳಗಿನ ಭಾಗ ಸುಮಾರು 4 ತಾಸು ತಂಪು ಹಿಡೀತೈತಿ, ಅಷ್ಟ. ಬ್ಯಾಸಗಿ ಮಧ್ಯಾಹ್ನ ಕರೆಂಟ್ ಹೋದ್ರ ಮಡಕಿಕಾಳಿಗಿಂತ ಖಡಕ್ ರೊಟ್ಟಿ, ಶೇಂಗಾ ಚಟ್ನಿನ ನಂಬ್ರಿ.

ರೊಟ್ಟಿ? ರೊಟ್ಟಿ ನಾವೀಗ ಓಣ್ಯಾಗ ಮಾಡಿ ಮಾರೋ ಅಕ್ಕನ ಕಡಿಂದ ತರ್ತೀವಿ. "ಕೊಂಡು ತಿಂತಾರ" ಅಂತ ಮಂದಿ ನಗಬಹುದು, ನಗಲಿ. ಮೂರೂವರೆ ತಾಸಿನ ದುಡಿಮಿಗೆ ರೊಕ್ಕ ಕೊಡೋದ್ರಾಗ ನಾಚಿಕಿ ಏನೈತಿ? ಪುಕ್ಕಟ ಮಾಡಿಸ್ಕೊಳ್ಳೋದಕ್ಕ ನಾಚ್ಕೋಬೇಕು. ಮತ್ತ ದಯಮಾಡಿ, ಅವರ ಜೊತಿ ಒಂದು ರೂಪಾಯಿಗೆ ಚೌಕಾಸಿ ಮಾಡಬ್ಯಾಡ್ರಿ.

ಮೊನ್ನೆ ರವಿವಾರ ಮಧ್ಯಾಹ್ನ ಅವ್ವ ಫ್ಯಾನ್ ಕೆಳಗ ಎರಡು ತಾಸು ಮಲಗಿದ್ಲು. ಕೊನೀ ಫೋಟೋ ಅದs ಆಗಬೇಕಿತ್ತು, ಆದ್ರ ಅಕಿ ಬ್ಯಾಡ ಅಂದ್ಲು, ಅದಕ್ಕ ಹಾಕಿಲ್ಲ. 😊

ನಿಮ್ಮನ್ಯಾಗ ರವಿವಾರ ಯಾರು ಮಲಗ್ತಾರ, ಯಾರು ನಿಂತಿರ್ತಾರ? ಖರೇ ಖರೇ ಬರೀರಿ.

#ಇಳಕಲ್ #ಖಡಕ್‌ರೊಟ್ಟಿ #ರವಿವಾರದಲೆಕ್ಕ