ಛೇದ ಕುಗ್ಗಿದಾಗ ಹಿಗ್ಗುವ ಲಾಭಾಂಶ



ಟೊರಾಂಟೊದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿಯಲ್ಲಿ, "ಸಾರ್, ಊರಿನ ಸೈಟು ಮಾರಿದ ಹಣವನ್ನೆಲ್ಲ ಸ್ಪ್ಲಿಟ್ ಷೇರಿನಲ್ಲಿ ಹಾಕುತ್ತೇನೆ. ಶೇಕಡಾ 20 ಲಾಭಾಂಶ! ಮುಂದಿನ ವರ್ಷ ನೌಕರಿಗೆ ರಾಜೀನಾಮೆ" ಎಂದ. ಗಣಿತದಲ್ಲಿ ನೂರಕ್ಕೆ ನೂರು ತೆಗೆದಿದ್ದ ಹುಡುಗ! ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದಿ ಕೋಪಿಸಿಕೊಂಡರೂ ಚಿಂತೆಯಿಲ್ಲ.

ಕೆನಡಾದ ಈ ಏರ್ಪಾಟಿನಲ್ಲಿ ನಿಧಿಯೊಂದು ಬ್ಯಾಂಕು ಮೊದಲಾದ ಕಂಪನಿಗಳ ಷೇರುಗಳನ್ನು ಕೊಂಡು, ತನ್ನ ಒಡೆತನವನ್ನು ಎರಡಾಗಿ ಸೀಳುತ್ತದೆ. ಸಾಮಾನ್ಯವಾಗಿ 10 ಡಾಲರಿನ ಆದ್ಯತಾ ಷೇರಿಗೆ ನಿಗದಿತ ಲಾಭಾಂಶ ಮತ್ತು ಅಸಲಿನ ಮೇಲೆ ಮೊದಲ ಹಕ್ಕು. 15 ಡಾಲರಿನ 'ಎ' ವರ್ಗದ ಷೇರಿಗೆ ಉಳಿದದ್ದು. ಏರಿಕೆಯೂ ಅದರದೇ, ಇಳಿಕೆಯೂ ಅದರದೇ.

ಈಗ ಕರಿಹಲಗೆಯ ಮುಂದೆ ಬನ್ನಿ. ಒಟ್ಟು ಹೂಡಿಕೆ 25 ಡಾಲರು. ವರ್ಷಕ್ಕೆ 'ಎ' ಷೇರಿಗೆ 1.20, ಆದ್ಯತಾ ಷೇರಿಗೆ 0.55 ಕೊಡಬೇಕೆನ್ನೋಣ, ಕೂಡಿದರೆ 1.75. ಕೊಂಡ ಷೇರುಗಳಿಂದ ಬರುವ ಲಾಭಾಂಶ ಶೇಕಡಾ 4 ಎಂದರೆ 1 ಡಾಲರು. ಉಳಿದ 75 ಸೆಂಟು ಮತ್ತು ನಿರ್ವಹಣಾ ಶುಲ್ಕ ಎಲ್ಲಿಂದ ಬರಬೇಕು? ಆಪ್ಷನ್ ವ್ಯವಹಾರದಿಂದ ಒಂದಿಷ್ಟು, ಷೇರುಗಳ ಬೆಲೆ ಏರಿದರೆ ಅದರಿಂದ ಮತ್ತಷ್ಟು. ಅದೂ ಸಾಲದಿದ್ದರೆ ಹೂಡಿದವನ ಅಸಲಿನಿಂದಲೇ! ಬಿತ್ತನೆಯ ರಾಗಿಯನ್ನು ಬೀಸಿ ಮುದ್ದೆ ಉಂಡವನು ಫಸಲು ಚೆನ್ನಾಗಿದೆ ಎನ್ನಬಹುದೇ?

25 ಡಾಲರಿನ ಆಸ್ತಿ 20ಕ್ಕೆ ಇಳಿದರೆ ನಷ್ಟ ಶೇಕಡಾ 20. ಆದರೆ 'ಎ' ಷೇರಿನ ಪಾಲು 15ರಿಂದ 10ಕ್ಕೆ, ಮೂರನೆಯ ಒಂದು ಭಾಗ ಕರಗುತ್ತದೆ. ಆಸ್ತಿ 15ಕ್ಕಿಂತ ಕೆಳಗಿಳಿದರೆ 'ಎ' ಷೇರಿನ ಹಂಚಿಕೆಯೇ ನಿಲ್ಲಬೇಕೆಂಬ ನಿಯಮ ಹಲವು ನಿಧಿಗಳಲ್ಲಿದೆ. 2020ರ ಮಾರ್ಚಿನಲ್ಲಿ ಪೇಟೆ ಕುಸಿದಾಗ ಅನೇಕ ನಿಧಿಗಳು ಹಂಚಿಕೆ ನಿಲ್ಲಿಸಿದವು.

ಇನ್ನು ಆ ಶೇಕಡಾ 20. ಷೇರಿನ ಬೆಲೆ 6 ಡಾಲರಿಗೆ ಕುಸಿದಿರುವಾಗ 1.20ನ್ನು 6ರಿಂದ ಭಾಗಿಸಿದರೆ ಶೇಕಡಾ 20 ಬಾರದೆ ಇನ್ನೇನು ಬರುತ್ತದೆ? ಛೇದ ಕುಗ್ಗಿದರೆ ಭಿನ್ನರಾಶಿ ಹಿಗ್ಗುತ್ತದೆಂದು ಐದನೆಯ ತರಗತಿಯಲ್ಲೇ ಕಲಿತಿದ್ದೇವೆ. ರೋಗಿಯ ಜ್ವರವನ್ನು ಮೈಬಿಸಿಯ ಆರೋಗ್ಯವೆಂದು ಹೊಗಳಿದಂತಾಯಿತು.

ತಿಂಗಳು ತಿಂಗಳು ಹಣ ಕೈಸೇರುವ ನೆಮ್ಮದಿಯನ್ನು ಪಿಂಚಣಿದಾರನಾದ ನಾನು ಹಗುರವಾಗಿ ಕಾಣಲಾರೆ. ಪೇಟೆ ಏರಿದ ವರ್ಷಗಳಲ್ಲಿ 'ಎ' ಷೇರು ಧಾರಾಳವಾಗಿ ಕೊಟ್ಟದ್ದೂ ಉಂಟು. ಅದು ಸಾಲ ಮಾಡಿ ಹೂಡಿದವನಿಗೆ ಸಿಗುವಂಥ ಲಾಭ. ಆ ಅಪಾಯವನ್ನು ಅಪಾಯವೆಂದು ಹೇಳದೆ 'ಆದಾಯ' ಎಂದು ಮಾರುವುದಕ್ಕೆ ನನ್ನ ವಿರೋಧ.

ನಮ್ಮಲ್ಲೂ ಇದೇ ಭ್ರಮೆಯಿತ್ತು. ನಿವೃತ್ತಿಯ ಹಣದಲ್ಲಿ ಮ್ಯೂಚುವಲ್ ಫಂಡಿನ ಲಾಭಾಂಶ ಯೋಜನೆ ಕೊಂಡು, ಮೊದಲ ಲಾಭಾಂಶ ಬಂದ ದಿನ ಮನೆಗೆ ಮೈಸೂರುಪಾಕು ತಂದವನು ನಾನೇ. ಯೂನಿಟ್ಟಿನ ಮೌಲ್ಯ ಅಷ್ಟೇ ಇಳಿದಿದ್ದನ್ನು ನೋಡಲೇ ಇಲ್ಲ. ಸೆಬಿಯ ಆದೇಶದಂತೆ 2021ರ ಏಪ್ರಿಲ್ 1ರಿಂದ ಅಂಥ ಯೋಜನೆಗಳ ಹೆಸರಿನಲ್ಲಿ 'ಬಂಡವಾಳ ಹಿಂತೆಗೆತ' ಎಂಬ ಅರ್ಥದ ಮಾತೂ ಸೇರಿತು. ತಡವಾದರೂ ಸತ್ಯ.

ಶಿಷ್ಯನಿಗೆ ಮನೆಗೆಲಸ ಕೊಟ್ಟಿದ್ದೇನೆ: 15ಕ್ಕೆ ಕೊಂಡ ಷೇರು ಐದು ವರ್ಷದಲ್ಲಿ 6 ಡಾಲರು ಹಂಚಿ, ಇಂದು 7ಕ್ಕೆ ಮಾರಾಟವಾದರೆ ಒಟ್ಟು ಪ್ರತಿಫಲವೆಷ್ಟು? ಕ್ರಮ ತೋರಿಸಬೇಕು. ಸೈಟಿನ ಹಣ ಇನ್ನೂ ಬ್ಯಾಂಕಿನಲ್ಲೇ ಇದೆಯಂತೆ. ಉತ್ತರಕ್ಕಾಗಿ ಕಾಯುತ್ತಿದ್ದೇನೆ.